ಪೂತನಿಯ ಎಡಗೈ

ಕೃಷ್ಣಾಷ್ಟಮಿಯ ಮೊಸರು ಕುಡಿಕೆ ಸಮಿತಿಯವರಿಗೆ ಆ ವರ್ಷ ಪೂತನಿಯೇ ಬೇಕಾಗಿತ್ತು. ಹಿಂದಿನ ವರ್ಷ ಧನರಾಜ್ ಮಾಡಿಕೊಟ್ಟ ಕಾಳಿಂಗ ಸರ್ಪ ಟೆಂಪೋದ ಮೇಲೆ ಹೆಡೆಗಳನ್ನೆಲ್ಲ ಆಡಿಸುತ್ತಾ ಬಂಟ್ವಾಳ ಪೇಟೆಯಲ್ಲಿ ಮೆರೆದದ್ದೇನೋ ನಿಜ. ಆದರೆ ಅದೇ ದಿನ ಹೊಳೆಯಾಚೆಯವರು ಅದಕ್ಕಿಂತ ದೊಡ್ಡ ಕಾಳಿಂಗನನ್ನು ತಂದು ಸಮಿತಿಯ ಮರ್ಯಾದೆ ತೆಗೆದಿದ್ದರು. ಆ ಹೊಟ್ಟೆಯುರಿ ಒಂದು ವರ್ಷ ಕಳೆದರೂ ಆರಿರಲಿಲ್ಲ.

"ಈ ಸಲ ಪೂತನಿ ನಡೀಬೇಕು ಧನರಾಜ್. ಟೆಂಪೋದಲ್ಲಿ ನಿಂತು ಮಂಡೆ ಅಲ್ಲಾಡಿಸುವುದಲ್ಲ. ರಸ್ತೆಯಲ್ಲಿ, ಅವಳದ್ದೇ ಕಾಲಲ್ಲಿ," ಎಂದು ಅಧ್ಯಕ್ಷರು ಶೆಡ್ಡಿಗೆ ಬಂದು ಹೇಳಿ, ಚಾ ಕುಡಿದು ಹೋದರು. ಹೇಳುವವರಿಗೇನು, ನಾಲಿಗೆಗೆ ಬೇರಿಂಗು ಬೇಕಾಗಿಲ್ಲ.

ಧನರಾಜ್ ಟ್ಯಾಬ್ಲೋ ಮಾಡುವವನು. ಗಣಪತಿ ವಿಸರ್ಜನೆ, ಶಾರದೋತ್ಸವ, ಮೊಸರು ಕುಡಿಕೆ ಎಂದು ಬೆಳ್ತಂಗಡಿಯಿಂದ ಮೂಡುಬಿದಿರೆಯವರೆಗೆ ಎಲ್ಲೆಲ್ಲಿ ಮೆರವಣಿಗೆ ಹೊರಡುತ್ತದೋ ಅಲ್ಲೆಲ್ಲ ಅವನ ರಾಕ್ಷಸರು ಕಣ್ಣು ತಿರುಗಿಸುತ್ತಿದ್ದರು, ಅವನ ಹನುಮಂತ ಎದೆ ಬಗೆಯುತ್ತಿದ್ದ. ಬಸ್ಸಿನ ವೈಪರ್ ಮೋಟರು, ಸೈಕಲ್ ಚೈನು, ಹಳೆಯ ಫ್ಯಾನಿನ ಬೇರಿಂಗು, ಎಲ್ಲವೂ ಪಕ್ಕದ ಇಬ್ರಾಹಿಮನ ಗುಜರಿ ಅಂಗಡಿಯಿಂದ ಬರುತ್ತಿದ್ದವು. ಮೆರವಣಿಗೆ ಮುಗಿದರೆ ಜನ ಮರೆಯುತ್ತಿದ್ದರು. ಊರಿನಲ್ಲಿ ಅವನಿಗೆ ಇದ್ದ ಹೆಸರು 'ಟ್ಯಾಬ್ಲೋದವ' ಎಂದು. ಆ ಹೆಸರು ಅವನಿಗೆ ಮುಳ್ಳಿನಂತೆ ಚುಚ್ಚುತ್ತಿತ್ತು, ಆದರೆ ಯಾರ ಹತ್ತಿರವೂ ಹೇಳಿಕೊಂಡವನಲ್ಲ.

ಮೋಟರು ತಿರುಗಿದರೆ ಕೈ ಮೇಲೆ ಕೆಳಗೆ ಆಗುವುದು ದೊಡ್ಡ ವಿದ್ಯೆಯೇನಲ್ಲ. ನಡೆಸುವುದು ಬೇರೆಯೇ ವಿಷಯ. ನಡೆಯುವುದೆಂದರೆ ಮುಂದಕ್ಕೆ ಬೀಳುವುದು, ಬಿದ್ದು ಮುಗಿಯುವಷ್ಟರಲ್ಲಿ ಇನ್ನೊಂದು ಕಾಲು ಬಂದು ತಡೆಯುವುದು. ಇದು ಧನರಾಜನಿಗೆ ಅರ್ಥವಾಗಲು ಇಡೀ ಬೇಸಿಗೆ ಬೇಕಾಯಿತು. ಪೈಪಿನ ಕಾಲು, ದೋಣಿಯಷ್ಟು ಅಗಲದ ಪಾದ, ಸೊಂಟದಲ್ಲಿ ಮೋಟರು. ಹಿಂದಿನಿಂದ ಇಬ್ಬರು ಒಂದು ಸರಳು ಹಿಡಿದು ಓಲಾಡದಂತೆ ನೋಡಿಕೊಳ್ಳಬೇಕು, ಆದರೆ ಭಾರ ಹೊರಬೇಕಾದ್ದು ಅದರದೇ ಕಾಲು. ಬಲಗಾಲು ಮಾತು ಕೇಳುತ್ತಿತ್ತು. ಬ್ಯಾಟರಿಯ ತೂಕ ಬೀಳುವ ಎಡಗಾಲು ಮಾತ್ರ ನೆಲ ಮುಟ್ಟಿದ್ದೇ ತಡ, ಮೊಣಕಾಲಿನಲ್ಲಿ ಮಡಚಿ ಕುಸಿಯುತ್ತಿತ್ತು. ಸ್ಪ್ರಿಂಗ್ ಹಾಕಿದ, ಪಟ್ಟಿ ಬೆಸೆದ, ಬ್ಯಾಟರಿ ಆಚೆಗೆ ಸರಿಸಿದ. ಏನು ಮಾಡಿದರೂ ಪೂತನಿ ಮುಗ್ಗರಿಸುವುದನ್ನು ಬಿಡಲಿಲ್ಲ.

ಉಪಾಯ ಸಿಕ್ಕಿದ್ದು ಅಮ್ಮನಿಂದ. ಲೋಲಾಕ್ಷಿಗೆ ಚಿಕ್ಕಂದಿನಲ್ಲೇ ಪೋಲಿಯೋ ಆಗಿ ಎಡಗಾಲು ಸಣಕಲಾಗಿತ್ತು. ಎಡಗಾಲು ಊರುವಾಗಲೆಲ್ಲ ಆಕೆ ಸ್ವಲ್ಪ ಬಾಗಿ, ಎಡಗೈಯಿಂದ ತೊಡೆಯನ್ನು ಹಿಂದಕ್ಕೆ ಒತ್ತಿ ಹಿಡಿಯುತ್ತಿದ್ದಳು. ಆಗ ಮೊಣಕಾಲು ಗಟ್ಟಿ ನಿಲ್ಲುತ್ತಿತ್ತು. ಬಲಗಾಲು ಮುಂದೆ ಹೋದಮೇಲೆ ನೆಟ್ಟಗಾಗುತ್ತಿದ್ದಳು. ಬಾಗು, ಒತ್ತು, ಏಳು. ಹಾಗೆಯೇ ಜೀವಮಾನವಿಡೀ ಕಟ್ಟಿದ ಬೀಡಿಯನ್ನು ಚೀಲದಲ್ಲಿ ಹಾಕಿಕೊಂಡು ಬೀಡಿ ಕಂಪೆನಿಯ ಬ್ರಾಂಚಿಗೆ ನಡೆದು ಹೋಗಿ ಒಪ್ಪಿಸಿ, ಮತ್ತೆ ಕಟ್ಟಲು ಎಲೆ, ಹೊಗೆಸೊಪ್ಪು ತೆಗೆದುಕೊಂಡು ನಡೆದೇ ಬಂದವಳು. ರಿಕ್ಷಾದವರು ಕರೆದರೆ, "ನನಗೆ ದೇವರು ಕಾಲು ಕೊಟ್ಟಿದ್ದಾನೆ, ನಿನಗೆ ಮೂರು ಚಕ್ರ ಕೊಟ್ಟಿದ್ದಾನೆ, ಅವರವರದ್ದು ಅವರವರಿಗೆ," ಎಂದು ನಗುತ್ತಾ ಹೋಗುವವಳು. ಧನರಾಜ್ ಚಿಕ್ಕವನಿದ್ದಾಗ ಎಲೆಯ ಕಟ್ಟನ್ನು ತಲೆಯ ಮೇಲಿಟ್ಟುಕೊಂಡು ಅವಳ ಹಿಂದೆ ನಡೆಯುತ್ತಿದ್ದ. ರಸ್ತೆಯ ಬದಿ ಸಪೂರ, ಬಸ್ಸುಗಳು ಮೈಸವರಿಕೊಂಡೇ ಹೋಗುತ್ತವೆ, ಜೊತೆಯಲ್ಲಿ ನಡೆಯಲು ಜಾಗವಿರಲಿಲ್ಲ. ಹಾಗಾಗಿ ಆ ಬೆನ್ನು, ಆ ಬಾಗುವಿಕೆ ಅವನಿಗೆ ಬಾಯಿಪಾಠ.

ಒಂದು ಸಂಜೆ ಶೆಡ್ಡಿನ ಬಾಗಿಲಲ್ಲಿ ಕುಳಿತು ಮಂಡೆಬಿಸಿ ಮಾಡಿಕೊಂಡಿದ್ದಾಗ ಅಮ್ಮ ಬ್ರಾಂಚಿನಿಂದ ಮರಳಿ ಅದೇ ದಾರಿಯಲ್ಲಿ ಹೋದಳು. ಧನರಾಜ್ ತಟ್ಟನೆ ಎದ್ದ. ಪೂತನಿಯ ಎಡಭುಜದಿಂದ ತೊಡೆಗೆ ಕೈಯಂತೆ ಒಂದು ಸರಳು ಇಳಿಸಿ, ಕಾಲು ನೆಲ ಮುಟ್ಟುವಾಗ ಅದು ತೊಡೆಯನ್ನು ಹಿಂದಕ್ಕೆ ಒತ್ತುವಂತೆ ಜೋಡಿಸಿದ. ಮರುದಿನ ಪೂತನಿ ಶೆಡ್ಡಿನ ಈ ತುದಿಯಿಂದ ಆ ತುದಿಗೆ ನಡೆದಳು. ಬಾಗು, ಒತ್ತು, ಏಳು. ಧನರಾಜ್ ಖುಷಿಯಿಂದ ಅತ್ತೇಬಿಟ್ಟ.

ಹಿಂದಿನ ಸರಳು ಹಿಡಿದಿದ್ದ ಇಬ್ರಾಹಿಂ ಮಾತ್ರ ಪೂತನಿಯ ಎಡಗೈಯನ್ನೇ ನೋಡುತ್ತಿದ್ದ.

"ಎಂತ ಇಬ್ರಾಹಿಂಕಾ, ಒಂದು ಮಾತು ಆದ್ರೂ ಹೇಳಿ."

"ಇದು ಯಾರ ಹಾಗೆ ನಡೀತದೆ ಅಂತ ನಿನಗೆ ಗೊತ್ತುಂಟಾ?"

"ಗೊತ್ತಿಲ್ಲದೆ ಎಂತ? ಅಮ್ಮನ ಹಾಗೆ."

"ಅವರಿಗೆ ಗೊತ್ತುಂಟಾ ಮಾರಾಯ?"

"ನೋಡುವಾಗ ಗೊತ್ತಾಗ್ತದಲ್ಲ, ಖುಷಿ ಪಡ್ತಾರೆ," ಎಂದ ಧನರಾಜ್. ಅವನು ಅದನ್ನು ಮನಸಾರೆ ನಂಬಿದ್ದ. ಅವನ ಕಣ್ಣಿಗೆ ಲೋಕದಲ್ಲಿ ಅದಕ್ಕಿಂತ ಚಂದದ ನಡಿಗೆ ಇರಲಿಲ್ಲ. ಹಾಗೆ ನಂಬಿದವನು ಅದೇ ಕೈಯಿಂದ ಆ ನಡಿಗೆಯ ಮೇಲೆ ಕೋರೆಹಲ್ಲಿನ ಮುಖವೊಂದನ್ನು ಕೂರಿಸಿ, ಕೆದರಿದ ಕೂದಲು ಅಂಟಿಸಿ, ಕೆಂಪು ಸೀರೆ ಸುತ್ತಿದ. ನಡಿಗೆಯದ್ದು ಒಂದು ಕೆಲಸ, ಮುಖದ್ದು ಇನ್ನೊಂದು ಕೆಲಸ ಎಂದು ಅವನ ಲೆಕ್ಕ. ಕಸುಬಿನಲ್ಲಿ ಮುಳುಗಿದವರು ಇಂಥ ಲೆಕ್ಕ ಹಾಕುವುದುಂಟು, ಅದು ತಪ್ಪುವುದೂ ಉಂಟು.

ಮೊಸರು ಕುಡಿಕೆಯ ದಿನ ಜಿಟಿಜಿಟಿ ಮಳೆ. ಪೇಟೆಯ ತಿರುವಿನಲ್ಲಿರುವ ಜವಳಿ ಅಂಗಡಿಯ ಮೆಟ್ಟಿಲ ಮೇಲೆ ಲೋಲಾಕ್ಷಿ ಮಲ್ಲಿಗೆ ಮುಡಿದು, ಸೊಸೆ ಮೋಕ್ಷಿತಾಳ ಜೊತೆ ನಿಂತಿದ್ದಳು. ಆಚೀಚೆ ನಿಂತವರಿಗೆಲ್ಲ, "ನಡೆದೇ ಬರ್ತದಂತೆ, ನನ್ನ ಮಗ ಮಾಡಿದ್ದು," ಎಂದು ಹೇಳಿ ಆಗಿತ್ತು. ಚೆಂಡೆಯವರು ಮುಂದೆ ಹೋದರು. ಆಮೇಲೆ ತಿರುವಿನಲ್ಲಿ ಪೂತನಿ ಕಾಣಿಸಿದಳು. ಮಾಳಿಗೆಯಷ್ಟು ಎತ್ತರ. ಬಾಗಿದಳು, ತೊಡೆ ಒತ್ತಿದಳು, ಎದ್ದಳು, ಬಂದಳು.

ಜನ ಕತ್ತೆತ್ತಿ ನೋಡಿದರು. ಮತ್ತೆ ಎಲ್ಲಿಂದಲೋ ಒಬ್ಬ, "ಓಯ್! ನಮ್ಮ ಲೋಲಾಕ್ಷಕ್ಕ!" ಎಂದು ಕೂಗಿದ.

ನಗು ರಸ್ತೆಯ ಆ ಬದಿಯಿಂದ ಈ ಬದಿಗೆ ಹಬ್ಬಿತು. ನಕ್ಕವರು ಕೆಟ್ಟವರೆಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಅದರಲ್ಲಿ ಅವಳಿಗೆ ದಿನಾ ಕೂರಲು ಬೆಂಚು ಬಿಟ್ಟುಕೊಡುವ ಅಂಗಡಿಯವನಿದ್ದ, ಅವಳ ಜೊತೆಗೇ ಬೀಡಿ ಕಟ್ಟುವ ಹೆಂಗಸರಿದ್ದರು. ಗುರುತು ಸಿಕ್ಕಿದ ಖುಷಿಗೆ ಬಂದ ನಗು ಅದು, ತಡೆಯುವಷ್ಟರಲ್ಲಿ ಬಾಯಿಂದ ಹೊರಗೆ ಬಂದಾಗಿತ್ತು. ಕೆಲವು ಹುಡುಗರು ಪೂತನಿಯ ಮುಂದೆ ಬಂದು ತೊಡೆಯ ಮೇಲೆ ಕೈಯಿಟ್ಟು ಬಾಗಿ ಬಾಗಿ ಕುಣಿದರು. ಮೊಬೈಲುಗಳು ಮೇಲೆದ್ದವು.

ಹಿಂದೆ ಸರಳು ಹಿಡಿದಿದ್ದ ಧನರಾಜ್ ಮೊದಲು ಅದನ್ನು ಮೆಚ್ಚುಗೆ ಎಂದೇ ತಿಳಿದ. ತಿರುವು ದಾಟುವಾಗ ಮೆಟ್ಟಿಲಿನತ್ತ ನೋಡಿದ. ಅಮ್ಮ ಗೋಡೆಗೆ ಒರಗಿ ನಿಂತಿದ್ದಳು. ಸದಾ ತೊಡೆಯ ಮೇಲಿರುತ್ತಿದ್ದ ಎಡಗೈಯನ್ನು ತೆಗೆದು, ಸೆರಗಿನೊಳಗೆ ಬಚ್ಚಿಟ್ಟುಕೊಂಡಿದ್ದಳು. ಅಷ್ಟೇ ಸಾಕಾಯಿತು. ಆದರೆ ಪೂತನಿ ನಡೆಯುತ್ತಲೇ ಇದ್ದಳು, ಮೆರವಣಿಗೆಯ ನಡುವೆ ಅವಳನ್ನು ನಿಲ್ಲಿಸುವಂತಿರಲಿಲ್ಲ.

ಮನೆಗೆ ಬಂದು ನೋಡಿದರೆ ಲೋಲಾಕ್ಷಿ ಎಂದಿನಂತೆ ಎಲೆ, ಸೊಪ್ಪಿನ ತಡಪೆ ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಿದ್ದಳು. "ಊಟ ಮಾಡು," ಎಂದಳು. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಮರುದಿನ ಬೀಡಿ ಚೀಲವನ್ನು ಸೊಸೆಯ ಕೈಗೆ ಕೊಟ್ಟಳು. "ನೀನೇ ಕೊಟ್ಟು ಬಾ ಮೋಕ್ಷಿತಾ, ನನಗೆ ಯಾಕೋ ಬಚ್ಚುತ್ತದೆ, ಸುಸ್ತು."

ಅದರ ಮರುದಿನವೂ ಬಚ್ಚಿತು. ಆ ವಾರವಿಡೀ ಬಚ್ಚಿತು. ಅಷ್ಟರಲ್ಲಿ ಯಾರೋ ಮೆರವಣಿಗೆಯ ವಿಡಿಯೋಗೆ ಹಾಡು ಸೇರಿಸಿ ಹರಿಯಬಿಟ್ಟಿದ್ದರು. ಶಾಲೆಯ ಮಕ್ಕಳು ರಸ್ತೆಯಲ್ಲಿ ಪೂತನಿಯ ನಡಿಗೆ ನಡೆಯುತ್ತಿದ್ದರು.

"ನೀವು ಅತ್ತೆಯ ಹತ್ರ ಎಂತ ಹೇಳಿದಿರಿ?" ಎಂದು ಮೋಕ್ಷಿತಾ ಗಂಡನನ್ನು ಕೇಳಿದಳು.

"ಎಂತ ಹೇಳುವುದು?"

"ಹೌದು, ಹೇಳ್ಲಿಕ್ಕೆ ಎಂತ ಉಂಟು! ಅವರು ಮನೆಯೊಳಗೆ ಕೂತದ್ದು ನೋಡಿ ನೋಡಿ ನಿಮಗೆ ಅಭ್ಯಾಸ ಆಗ್ತದೆ ಬಿಡಿ."

ಇಂಥ ಹೊತ್ತಿನಲ್ಲೇ ಮೂಡುಬಿದಿರೆಯಿಂದ ವೇಣುಗೋಪಾಲ ಮಾಸ್ಟ್ರು ಬಂದರು. ಚಿತ್ರಕಲೆ ಕಲಿಸುವವರು, ಅಲ್ಲಿಯ ಒಂದು ಕಲಾಮೇಳದ ಉಸ್ತುವಾರಿ ಅವರದ್ದು. ಮುಖ ಕಳಚಿಟ್ಟ ಪೂತನಿಯನ್ನು ಸುತ್ತು ಹಾಕಿ, ಮೊಣಕಾಲಿನ ಹತ್ತಿರ ಕುಕ್ಕರುಗಾಲಲ್ಲಿ ಕುಳಿತು ನೋಡಿ, ಎದ್ದು ಕನ್ನಡಕ ಒರೆಸಿಕೊಂಡರು.

"ಇದು ಟ್ಯಾಬ್ಲೋ ಅಲ್ಲ ಧನರಾಜ್. ಇದು ಶಿಲ್ಪ. ಚಲಿಸುವ ಶಿಲ್ಪ. ಮುಖ, ಸೀರೆ ಯಾವುದೂ ಬೇಡ, ಬರೀ ಈ ನಡಿಗೆ ಸಾಕು. ಮೇಳದ ನಡುಮಧ್ಯದಲ್ಲಿ ಇದನ್ನು ನಡೆಸುವ. ಕೆಳಗೆ ನಿಮ್ಮ ಹೆಸರು ಹಾಕುವ."

ಇಡೀ ಆಯುಷ್ಯದಲ್ಲಿ ಈ ಒಂದು ಮಾತಿಗಾಗಿ ಕಾದವನು ಧನರಾಜ್. ಬಾಯಿ ತೆರೆದರೆ ಅಳು ಬರುತ್ತದೆಂದು ತಲೆ ಮಾತ್ರ ಆಡಿಸಿದ. ಮಾಸ್ಟ್ರು ಅದನ್ನು ಒಪ್ಪಿಗೆ ಎಂದು ತಿಳಿದು ಕೈಕುಲುಕಿ ಹೋದರು.

ಅವರು ಹೋದಮೇಲೆ ಅವನಿಗೊಂದು ಯೋಚನೆ ಹೊಳೆಯಿತು. ಹೇಡಿಯ ಯೋಚನೆ ಎಂದರೂ ಸರಿ. ಕೈ ತೆಗೆದುಬಿಟ್ಟರೆ? ಆಗ ಅದು ಅಮ್ಮನ ನಡಿಗೆಯಾಗಿ ಉಳಿಯುವುದಿಲ್ಲ, ಮೇಳವೂ ತಪ್ಪುವುದಿಲ್ಲ. ಎಡಗೈಯ ಸರಳು ಬಿಚ್ಚಿದ. ಮೊಣಕಾಲಿಗೆ ದಪ್ಪ ಸ್ಪ್ರಿಂಗ್ ಕೂರಿಸಿದ. ಇಬ್ರಾಹಿಮನನ್ನು ಕರೆದು ಹಿಂದಿನ ಸರಳು ಹಿಡಿಯಲು ಹೇಳಿ ಸ್ವಿಚ್ ಒತ್ತಿದ. ಬಲಗಾಲು ಹೋಯಿತು. ಎಡಗಾಲು ನೆಲ ಮುಟ್ಟಿತು, ಮಡಚಿತು. ಆ ದೊಡ್ಡ ದೇಹ ಇಬ್ಬರನ್ನೂ ಎಳೆದುಕೊಂಡು ಧಡಾರನೆ ಬಿತ್ತು. ಮೂಲೆಯಲ್ಲಿಟ್ಟಿದ್ದ ಪೂತನಿಯ ಮುಖ ಅದರಡಿಗೆ ಸಿಕ್ಕಿ ಚೂರಾಯಿತು.

"ಕೈ ತೆಗೆದರೆ ಬೀಳ್ತದೆ ಅಂತ ನಿನಗೆ ಮೊದಲೇ ಗೊತ್ತಿತ್ತಲ್ಲ ಮಾರಾಯ," ಎಂದು ಇಬ್ರಾಹಿಂ ಮೊಣಕೈ ಉಜ್ಜಿಕೊಂಡ. "ಮತ್ತೆ ಯಾಕೆ ಪೊಕ್ಕಡೆ, ಸುಮ್ಮನೆ?"

ಧನರಾಜ್ ಶೆಡ್ಡು ಬಿಟ್ಟು ಮನೆಗೆ ಹೊರಟ. ಮುಂಬಾಗಿಲು ಹಾಕಿತ್ತು, ಮೋಕ್ಷಿತಾ ಬ್ರಾಂಚಿಗೆ ಹೋಗಿದ್ದಳು. ಹಿಂದುಗಡೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಏನೋ ಸದ್ದಾದಂತಾಗಿ ಸುತ್ತುಹಾಕಿ ಹೋದ.

ಅಮ್ಮ ನಡೆಯುತ್ತಿದ್ದಳು. ಕಲ್ಲಿನಿಂದ ಬಾವಿಕಟ್ಟೆಯತ್ತ, ಎರಡೂ ಕೈಗಳನ್ನು ಪಕ್ಕಕ್ಕೆ ಚಾಚಿ, ತೊಡೆಯನ್ನು ಮುಟ್ಟದೆ. ಮೊದಲೊಮ್ಮೆ ಬಿದ್ದದ್ದಕ್ಕೆ ಸೀರೆಯ ಅಂಚು ಕೆಸರಾಗಿತ್ತು. ಬಲಗಾಲು ಇಟ್ಟಳು. ತುಟಿ ಬಿಗಿದು ಎಡಗಾಲು ಎತ್ತಿ ಮುಂದಿಟ್ಟಳು, ಭಾರ ಬಿಟ್ಟಳು. ಅವನು ಕೂಗುವ ಮೊದಲೇ ಮೊಣಕಾಲು ಮಡಚಿತು. ಈಗಷ್ಟೇ ಶೆಡ್ಡಿನಲ್ಲಿ ಕಂಡದ್ದನ್ನೇ ಅವನು ಇನ್ನೊಮ್ಮೆ ಕಂಡ. ಈ ಸಲ ಬಿದ್ದವಳು ಅಮ್ಮ.

ಓಡಿಹೋಗಿ ಎತ್ತಿ ಕಲ್ಲಿನ ಮೇಲೆ ಕೂರಿಸಿದ. ಅಂಗೈ ತರಚಿ ರಕ್ತ ಬರುತ್ತಿತ್ತು.

"ಎಂತ ಮಾಡ್ತಾ ಇದ್ದಿ ಅಮ್ಮ? ಈ ಪ್ರಾಯದಲ್ಲಿ?"

"ಕೈ ಇಲ್ಲದೆ ಆಗ್ತದಾ ಅಂತ ನೋಡಿದ್ದು," ಎಂದಳು ಲೋಲಾಕ್ಷಿ, ಕಳ್ಳತನದಲ್ಲಿ ಸಿಕ್ಕಿಬಿದ್ದವಳಂತೆ. "ಚಿಕ್ಕಂದಿನಲ್ಲಿ ಆಗ್ಲಿಲ್ಲ. ಈಗ ಏನಾದ್ರೂ..."

ಧನರಾಜ್ ಅವಳ ಕಾಲ ಬುಡದಲ್ಲಿ ಕುಳಿತು ಅತ್ತ. ತಪ್ಪಾಯಿತು ಎಂದ, ಮೂಡುಬಿದಿರೆಯ ವಿಷಯ ಹೇಳಿದ, ಕೈ ಬಿಚ್ಚಿದ್ದನ್ನೂ ಹೇಳಿದ. ಲೋಲಾಕ್ಷಿ ಎಲ್ಲ ಕೇಳಿಸಿಕೊಂಡು ಅಂಗೈಯ ಮಣ್ಣು ಒರೆಸಿಕೊಂಡಳು.

"ಅದನ್ನು ನನಗೊಮ್ಮೆ ತೋರಿಸು. ಆ ದಿನ ನನಗೆ ಸರೀ ನೋಡ್ಲಿಕ್ಕೆ ಆಗ್ಲಿಲ್ಲ."

ಮಾರನೆಯ ಬೆಳಿಗ್ಗೆ ಅವನು ಎಡಗೈಯನ್ನು ಪುನಃ ಜೋಡಿಸಿದ. ಲೋಲಾಕ್ಷಿ ಬೀಡಿ ಚೀಲ ಹಿಡಿದೇ ಶೆಡ್ಡಿಗೆ ಬಂದಳು. ಇಬ್ರಾಹಿಂ ಸ್ಟೂಲು ತಂದಿಟ್ಟು ಹೊರಗೆ ಹೋಗಲು ನೋಡಿದ. "ನೀನು ಎಲ್ಲಿಗೆ ಓಡುವುದು? ನೀನೂ ಸೇರಿಯೇ ನಡೆಸಿದ್ದಲ್ವಾ, ಹಿಡಿ," ಎಂದಳು. ಅವನು ತಲೆ ತಗ್ಗಿಸಿ ಸರಳು ಹಿಡಿದ.

ಮುಖವಿಲ್ಲದ, ಸೀರೆಯಿಲ್ಲದ ಕಬ್ಬಿಣದ ಹೆಂಗಸು ಶೆಡ್ಡಿನ ಉದ್ದಕ್ಕೆ ನಡೆಯಿತು. ಲೋಲಾಕ್ಷಿ ಕಣ್ಣು ಕೀಳದೆ ನೋಡಿದಳು. ಇನ್ನೊಮ್ಮೆ ನಡೆಸು ಎಂದಳು. ಮತ್ತೊಮ್ಮೆ ಎಂದಳು.

"ನಾನು ನಡೆಯುವುದನ್ನು ನಾನು ಇದುವರೆಗೆ ನೋಡಿದ್ದೇ ಇಲ್ಲ. ಕನ್ನಡಿ ಎದುರು ನಿಲ್ತೇವೆ, ನಡೀತೇವಾ? ನಾನು ಹೀಗೆಯಾ?"

"ಹೌದು."

"ಇದು ನಿನಗೆ ಹೇಗೆ ಕಂಡಿತು?"

"ಚಂದ ಕಂಡಿತು ಅಮ್ಮ. ಆಣೆ ಮಾಡಿ ಹೇಳ್ತೇನೆ."

"ಚಂದ ಕಂಡದ್ದಕ್ಕೆ ಪೂತನಿಗೆ ಕೊಟ್ಟದ್ದಾ?"

"ಪೂತನಿ ಬೇಕು ಅಂತ ಸಮಿತಿಯವರು..."

"ನಡಿಗೆಯನ್ನೂ ಸಮಿತಿಯವರು ಕೊಟ್ರಾ?"

ಲೋಲಾಕ್ಷಿಯ ದನಿ ಆಗ ಮೊದಲ ಸಲ ನಡುಗಿತು. "ನನ್ನ ಹತ್ರ ಒಂದು ಮಾತು ಕೇಳಬೇಕಿತ್ತು ನೀನು. ನಗ್ತಾರೆ ಅಂತ ನನಗೆ ಗೊತ್ತಿತ್ತು. ಹುಟ್ಟಿದಲ್ಲಿಂದ ಗೊತ್ತುಂಟು. ನಿನಗೆ ಗೊತ್ತಿರಲಿಲ್ಲ."

"ಈಗ ಕೇಳ್ತೇನೆ ಅಮ್ಮ. ಮೂಡುಬಿದಿರೆಗೆ ಕೊಂಡು ಹೋಗ್ಲಾ? ನೀನು ಬೇಡ ಅಂದ್ರೆ ಬೇಡ."

ಆಕೆ ಚೀಲ ಹೆಗಲಿಗೇರಿಸಿ ಎದ್ದಳು. "ಬ್ರಾಂಚಿಗೆ ಹೋಗ್ಲಿಕ್ಕುಂಟು. ನನ್ನೊಟ್ಟಿಗೆ ಬಾ. ಆಮೇಲೆ ನೀನೇ ಹೇಳು."

ಮೊಸರು ಕುಡಿಕೆಯ ನಂತರ ಲೋಲಾಕ್ಷಿ ಪೇಟೆಯ ರಸ್ತೆಗೆ ಕಾಲಿಟ್ಟದ್ದು ಆಗಲೇ. ರಿಕ್ಷಾ ನಿಲ್ದಾಣದಲ್ಲಿದ್ದವರು ಮಾತು ನಿಲ್ಲಿಸಿ ಬೇರೆಲ್ಲೋ ನೋಡತೊಡಗಿದರು. ಅದು ನಗುವಿಗಿಂತಲೂ ಕಷ್ಟವಾಗಿತ್ತು. ಆಕೆ ಕುತ್ತಿಗೆ ನೆಟ್ಟಗಿಟ್ಟುಕೊಂಡು ನಡೆದಳು. ಧನರಾಜ್ ಚಿಕ್ಕಂದಿನ ಅಭ್ಯಾಸಬಲದಿಂದ ಅವಳ ಬೆನ್ನ ಹಿಂದೆ ಹೊರಟ.

ಏರುದಾರಿ ಶುರುವಾಗುವಲ್ಲಿ ಲೋಲಾಕ್ಷಿ ನಿಂತಳು. "ಹಿಂದೆ ಬರ್ಬೇಡ. ನನ್ನ ಬೆನ್ನು ಎಷ್ಟು ಅಂತ ನೋಡ್ತಿ? ಬದಿಗೆ ಬಾ."

"ಬಸ್ಸು ಬರ್ತದೆ ಅಮ್ಮ, ಜಾಗ ಇಲ್ಲ."

"ಬಸ್ಸಿನವ ಹಾರ್ನ್ ಹಾಕ್ತಾನೆ. ಬಾ."

ಅವನು ರಸ್ತೆಯ ಬದಿಗೆ ಇಳಿದು ಅವಳ ಪಕ್ಕಕ್ಕೆ ಬಂದ. ಆಕೆ ಬಾಗಿ ತೊಡೆ ಒತ್ತಿದಳು. ಆಗ ಅವನಿಗೆ ಅವಳ ಮುಖ ಕಂಡಿತು. ಕೈ ಒತ್ತಿದ ಕ್ಷಣಕ್ಕೆ ಕೆಳತುಟಿ ಹಲ್ಲಿನಡಿಗೆ ಹೋಯಿತು, ಕಣ್ಣು ಗಟ್ಟಿಯಾಗಿ ಮುಚ್ಚಿತು, ಕೊರಳ ನರ ಎದ್ದಿತು. ಬಲಗಾಲು ಮುಂದೆ ಹೋದದ್ದೇ ಎಲ್ಲ ಇಳಿದು, ಎಂದಿನ ಅಮ್ಮನ ಮುಖ ಬಂತು. ಮುಂದಿನ ಹೆಜ್ಜೆಗೂ ಹಾಗೆಯೇ. ಎದುರು ಯಾರಾದರೂ ಸಿಕ್ಕಿದರೆ ಆಕೆ ನಿಂತುಕೊಂಡೇ ಮಾತಾಡುವಳು, ನಿಂತಾಗ ಮುಖ ನಗುತ್ತಲೇ ಇರುವುದು. ಅವನು ತಾನು ಆ ನಡಿಗೆಯ ಪ್ರತಿಯೊಂದು ಕೀಲನ್ನೂ ಬಲ್ಲೆ ಎಂದುಕೊಂಡಿದ್ದ, ಈ ಮುಖ ಮಾತ್ರ ಅವನ ಲೆಕ್ಕದಲ್ಲಿರಲಿಲ್ಲ.

"ನೋವಾಗ್ತದಾ ಅಮ್ಮ?"

"ಆಗದೆ ಉಂಟಾ?"

"ಯಾವಾಗಿಂದ?"

"ನಡೀಲಿಕ್ಕೆ ಸುರು ಮಾಡಿದಲ್ಲಿಂದ."

"ಒಂದು ದಿನವೂ ಹೇಳಲಿಲ್ಲವಲ್ಲ ನೀನು!"

ಲೋಲಾಕ್ಷಿ ಇನ್ನೊಂದು ಹೆಜ್ಜೆ ಮುಗಿಸಿ, ಉಸಿರು ಎಳೆದುಕೊಂಡು ಹೇಳಿದಳು. "ನೀನು ಹಿಂದೆ ಇದ್ದೆ ಮಗಾ. ಹಿಂದೆ ಇದ್ದವನಿಗೆ ತಿರುಗಿ ಹೇಳ್ಲಿಕ್ಕೆ ಹೋದ್ರೆ ನಾನು ಬೀಳ್ತೇನೆ."

ಹಿಂದಿನಿಂದ ಬಸ್ಸೊಂದು ಹಾರ್ನ್ ಹಾಕಿತು. ಧನರಾಜ್ ಸರಿಯಲಿಲ್ಲ. ಅಮ್ಮನ ಹೆಗಲಿನಿಂದ ಚೀಲವನ್ನು ತೆಗೆದು ತನ್ನ ಹೆಗಲಿಗೆ ಹಾಕಿಕೊಂಡ. ಅವಳು ಬೇಡ ಎನ್ನಲಿಲ್ಲ.

"ಮಾಸ್ಟ್ರಿಗೆ ಆಗುವುದಿಲ್ಲ ಅಂತ ಹೇಳ್ತೇನೆ," ಎಂದ.

"ಹ್ಞೂಂ," ಎಂದಳು ಲೋಲಾಕ್ಷಿ. ಆಮೇಲೆ ಬಾಗಿ, ತೊಡೆ ಒತ್ತಿ, ತುಟಿ ಕಚ್ಚಿದಳು. ಬ್ರಾಂಚಿಗೆ ಇನ್ನೂ ಅರ್ಧ ಏರು ಉಳಿದಿತ್ತು. ಅವನು ಅವಳ ಮುಖವನ್ನೇ ನೋಡುತ್ತಾ ಪಕ್ಕದಲ್ಲಿ ನಡೆದ.